ವಾಯುಪಡೆಯ ದಂಡನಾಯಕರ ಬಗ್ಗೆ ಪ್ರಬಂಧ ಬರೆಯುವುದು ಹೇಗೆ? ಡೌಡಿಂಗ್ ಅವರನ್ನೇ ನೋಡಿ

ಡಿಗ್ರಿ ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು ನಾನು. ಸೇನಾಧಿಕಾರಿಗಳ ಬಗ್ಗೆ ಪ್ರಬಂಧ ಬರೆಯುವವರಿಗೆ ಮೊದಲು ಹೇಳುವುದು ಇಷ್ಟೇ: ಯುದ್ಧದಿಂದ ಶುರು ಮಾಡಬೇಡಿ. ಬ್ರಿಟನ್ನಿನ ವಾಯುಪಡೆಯ ಹ್ಯೂ ಡೌಡಿಂಗ್ ಎಂದರೆ ಎಲ್ಲರಿಗೂ 1940ರಲ್ಲಿ ಜರ್ಮನಿಯ ವಿರುದ್ಧ ಗೆದ್ದ ವಾಯುಕದನವೇ (ಬ್ಯಾಟಲ್ ಆಫ್ ಬ್ರಿಟನ್) ನೆನಪು. ಆ ಗೆಲುವಿನ ತಯಾರಿ ನಡೆದದ್ದು ಅದಕ್ಕೂ ಹಲವು ವರ್ಷ ಮೊದಲು.

ಹಾಳೆಯ ಮೇಲೆ ಮೂರು ಕಲಂ ಎಳೆಯಿರಿ: ವರ್ಷ, ದರ್ಜೆ, ಹುದ್ದೆ. ದರ್ಜೆಯನ್ನೂ ಹುದ್ದೆಯನ್ನೂ ಬೆರೆಸಬೇಡಿ. ನಮ್ಮಲ್ಲಿ ಏರ್ ಚೀಫ್ ಮಾರ್ಷಲ್ ಎಂದರೆ ಇಡೀ ವಾಯುಪಡೆಯ ಮುಖ್ಯಸ್ಥರು. ಬ್ರಿಟನ್ನಿನಲ್ಲಿ ಆಗ ಆ ದರ್ಜೆಯವರು ಒಟ್ಟಿಗೇ ಹಲವರಿದ್ದರು. ಡೌಡಿಂಗ್ 1937ರಲ್ಲಿ ಆ ದರ್ಜೆಗೇರಿದರು, ಆದರೆ ಮುಖ್ಯಸ್ಥರ ಸ್ಥಾನ ಸಿಕ್ಕಿದ್ದು ಸಿರಿಲ್ ನ್ಯೂವಾಲ್ ಅವರಿಗೆ.

1900ರಲ್ಲಿ ಫಿರಂಗಿದಳ, 1913ರಲ್ಲಿ ವಿಮಾನ ಹಾರಿಸುವ ಪರವಾನಗಿ. ಇವನ್ನು ಬೇಗ ದಾಟಿ. 1930ರ ಸಾಲಿಗೆ ಬಂದಾಗ ನಿಧಾನಿಸಿ. ವಾಯು ಮಂಡಳಿಯಲ್ಲಿ ಸಂಶೋಧನೆಯ ಹೊಣೆ ಹೊತ್ತ ಕಾಲ ಅದು. ವಿಮಾನಗಳನ್ನು ರೇಡಿಯೋ ಅಲೆಗಳಿಂದ ಪತ್ತೆಹಚ್ಚಬಹುದು (ಮುಂದೆ ರಡಾರ್ ಎನಿಸಿದ್ದು ಇದೇ) ಎಂದು ವಿಜ್ಞಾನಿಗಳು ಹೇಳಿದಾಗ, ಹಣ ಕೊಡುವ ಮೊದಲು ಮಾಡಿ ತೋರಿಸಿ ಎಂದವರು ಡೌಡಿಂಗ್. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿ ಊರಿನ ಬಳಿ ಅದನ್ನು ತೋರಿಸಲಾಯಿತು. ಮರುವರ್ಷ ಅವರು ಫೈಟರ್ ಕಮಾಂಡಿನ, ಅಂದರೆ ದೇಶವನ್ನು ಕಾಯುವ ಯುದ್ಧವಿಮಾನಗಳ ವಿಭಾಗದ, ಮುಖ್ಯಸ್ಥರಾದರು. ಕರಾವಳಿಯ ರಡಾರ್ ಕೇಂದ್ರಗಳ ಸುದ್ದಿ ಅದರ ಕೇಂದ್ರ ಕಚೇರಿ ಬೆಂಟ್ಲಿ ಪ್ರಯರಿಯ ಕೋಣೆಯೊಂದಕ್ಕೆ ಬರುತ್ತಿತ್ತು. ಅಲ್ಲಿ ಅದನ್ನು ಸೋಸಿ ಗ್ರೂಪುಗಳಿಗೆ (ದೇಶದ ಒಂದೊಂದು ಭಾಗ ಕಾಯುವ ಘಟಕಗಳು), ಅಲ್ಲಿಂದ ಅವುಗಳ ಕೆಳಗಿನ ಸೆಕ್ಟರುಗಳಿಗೆ ದಾಟಿಸುತ್ತಿದ್ದರು. ಪೈಲಟ್‌ಗಳು ಶತ್ರುವನ್ನು ಹುಡುಕುತ್ತಾ ಸುಮ್ಮನೆ ಸುತ್ತಬೇಕಿರಲಿಲ್ಲ. ನಿಮ್ಮ ಪ್ರಬಂಧದಲ್ಲಿ ಇದಕ್ಕೆ ಧಾರಾಳವಾಗಿ ಜಾಗ ಕೊಡಿ, ಅವರ ನಿಜವಾದ ದೊಡ್ಡಸ್ತಿಕೆ ಇರುವುದೇ ಇಲ್ಲಿ.

ಆಮೇಲೆ ಡೌಡಿಂಗ್ ಬರೆದ 1940ರ ಮೇ 16ರ ಪತ್ರ ಓದಿ. ದೇಶದ ರಕ್ಷಣೆಗೆ 52 ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಬೇಕೆಂದು ನೀವೇ ಲೆಕ್ಕ ಹಾಕಿದ್ದಿರಿ, ಈಗ ನನ್ನಲ್ಲಿ ಉಳಿದಿರುವುದು 36ಕ್ಕೆ ಸಮ ಎಂದು ಮೇಲಿನವರಿಗೇ ಬರೆದಿದ್ದಾರೆ. ಫ್ರಾನ್ಸಿಗೆ ಇನ್ನಷ್ಟು ವಿಮಾನ ಕಳಿಸುವ ಒತ್ತಡವಿದ್ದಾಗ ಹೀಗೆ ಬರೆಯಲು ಎದೆಗಾರಿಕೆ ಬೇಕು. ಕದನದ ಬಗ್ಗೆ ಅವರು 1941ರಲ್ಲಿ ಬರೆದ ವರದಿ ಸರ್ಕಾರಿ ಪತ್ರಿಕೆಯಾದ ಲಂಡನ್ ಗೆಜೆಟಿನಲ್ಲಿ ಬಂದದ್ದು 1946ರಲ್ಲಿ. ಓದುವಾಗ ಪತ್ರ ಮೊದಲು, ವರದಿ ಆಮೇಲೆ. ಪತ್ರ ಬರೆದಾಗ ಗೆಲುವು ಯಾರಿಗೂ ಗೊತ್ತಿರಲಿಲ್ಲ.

ಸರ್ಕಾರಿ ಪ್ರಕಟಣೆಗಳನ್ನು ಕೊನೆಗಿಟ್ಟುಕೊಳ್ಳಿ. 1940ರ ನವೆಂಬರಿನಲ್ಲಿ ಡೌಡಿಂಗ್ ಅವರನ್ನು ಹುದ್ದೆಯಿಂದ ಇಳಿಸಲಾಯಿತು. ಮರುವರ್ಷ ವಾಯು ಸಚಿವಾಲಯ ತಂದ ಕದನದ ಕಿರುಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಪ್ರಧಾನಿ ಚರ್ಚಿಲ್ ಅವರೇ ಇದಕ್ಕೆ ಆಕ್ಷೇಪಿಸಿದರು. ಅಂಥ ಪುಸ್ತಕ ಕೈಗೆ ಬಂದರೆ ನಿಮ್ಮ ಮೂರು ಕಲಂನ ಹಾಳೆ ಪಕ್ಕದಲ್ಲಿಟ್ಟುಕೊಂಡು, ಬಿಟ್ಟುಹೋದ ಹೆಸರುಗಳಿಗೆ ಗುರುತು ಹಾಕಿ.