ಗೋಡೌನ್ ಇಟ್ಟೋರು ಹಳೇ ಚೀಲಕ್ಕೆ ಬೆಂಕಿ ಹಚ್ಚೋಕೆ ಮುಂಚೆ ಇದನ್ನ ಓದ್ರಿ

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳ, ಭತ್ತ ಇಡೋ ಗೋಡೌನ್ ಬಾಳ ಅದಾವೆ, ಸೀಜನ್ ಮುಗಿದ್ಮೇಲೆ ಹರಿದ ಚೀಲ, ದಾರ, ತಾಡಪಾಲು ಎಲ್ಲಾ ಗುಡ್ಡೆ ಹಾಕಿ ಸುಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ದಯವಿಟ್ಟು ಸುಡಬ್ಯಾಡ್ರಿ. ಮೊದ್ಲು ಗೋಣಿಚೀಲ ಬೇರೆ, ಪ್ಲಾಸ್ಟಿಕ್ ಚೀಲ ಬೇರೆ ಮಾಡ್ರಿ. ಸೆಣಬಿಂದು ಮಣ್ಣಲ್ಲಿ ಕೊಳೆಯುತ್ತೆ, ಪ್ಲಾಸ್ಟಿಕ್ಕಿಂದು ಪಾಲಿಪ್ರೊಪಿಲೀನ್, ಕೊಳೆಯಲ್ಲ ಆದ್ರೆ ಕರಗಿಸಿ ಮತ್ತೆ ಬಳಸಬಹುದು, ಎರಡೂ ಕಲೆಸಿ ಕೊಟ್ರೆ ಗುಜರಿಯೋರೂ ಹಿಂದೆಮುಂದೆ ನೋಡ್ತಾರೆ.

ಗೋಣಿಚೀಲ ಗಟ್ಟಿ ಇದ್ರೆ ಒಳಮಗ್ಗುಲು ಹೊರಗೆ ಮಾಡಿ ಝಾಡಿಸಿ ಚೆನ್ನಾಗಿ ಬಿಸಿಲಿಗೆ ಹಾಕ್ರಿ, ಹೊಲಿಗೆ ಸಂದೀಲಿ ಹುಳ, ಮೊಟ್ಟೆ ಕೂತಿರ್ತವೆ, ಹಂಗೇ ಹೊಸ ಕಾಳು ತುಂಬಿದ್ರೆ ಇಡೀ ಲಾಟ್‌ಗೆ ಹತ್ತುತ್ತೆ. ನಮ್ಮ ಕಡೆ ಬೇಸಿಗೆ ಬಿಸಿಲು ಇದಕ್ಕೆ ಹೇಳಿ ಮಾಡಿಸಿದಂಗೈತೆ. ಪ್ಲಾಸ್ಟಿಕ್ ಚೀಲ ಮಾತ್ರ ದಿನಗಟ್ಟಲೆ ಬಿಸಿಲಲ್ಲಿ ಬಿಡಬ್ಯಾಡ್ರಿ, ಪುಡಿಪುಡಿಯಾಗಿ ಆ ಚೂರು ಕಾಳಿಗೇ ಸೇರುತ್ತೆ. ಗೊಬ್ಬರ, ಔಷಧಿ ಬಂದಿದ್ದ ಚೀಲ ಎಷ್ಟೇ ತೊಳೆದ್ರೂ ಕಾಳಿಗೆ ಬ್ಯಾಡವೇ ಬ್ಯಾಡ.

ಹರಿದ ಗೋಣಿ ಅಡಿಕೆ ಸಸಿ ಬುಡಕ್ಕೆ ಹಾಸ್ರಿ, ತೇವ ನಿಲ್ಲುತ್ತೆ.

ಇನ್ನ ಗುಡಿಸಿದ ಕಾಳು. ಬೂಷ್ಟು ಹಿಡಿದ ಮೆಕ್ಕೆಜೋಳ ದನಕ್ಕೆ, ಕೋಳಿಗೆ ಹಾಕಬ್ಯಾಡ್ರಿ, ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಹಾಲಿಗೂ ಬರುತ್ತೆ. ತಿಪ್ಪೆಗೆ ಹಾಕಿ ಕೊಳೆಸ್ರಿ. ತೇವಾಂಶ ಶೇ 14ಕ್ಕಿಂತ ಕಮ್ಮಿ ಆದ್ಮೇಲೇ ಒಳಗಿಟ್ರೆ ಈ ವೇಸ್ಟೇ ಅರ್ಧ ಕಮ್ಮಿ ಆಗುತ್ತೆ ಅನ್ನೋದು ನನ್ನ ಅಂದಾಜು. ಹುಳ ಸಾಯ್ಲಿ ಅಂತ ವಿಷದ ಗ್ಯಾಸ್ ಬಿಡೋ ಮಾತ್ರೆ ಗೋಡೌನಲ್ಲಿ ಇಟ್ಟಿದ್ರೆ ಉಳಿಯೋ ಬೂದಿ ಮಾತ್ರ ತಿಪ್ಪೆಗೂ ಹಾಕಬ್ಯಾಡ್ರಿ, ಚರಂಡಿಗೂ ಹಾಕಬ್ಯಾಡ್ರಿ, ಮಾತ್ರೆ ಇಡೋಕೆ ಬಂದ ಲೈಸೆನ್ಸ್ ಇರೋರಿಗೇ ವಾಪಸ್ ಒಯ್ರಿ ಅಂತ ಮೊದ್ಲೇ ಮಾತಾಡ್ಕೊಳ್ರಿ.