ವಿಶ್ವವಿದ್ಯಾನಿಲಯದ ಆವರಣದಲ್ಲಿ ಪಿಯು ಮಕ್ಕಳಿಗೊಂದು ವಸತಿ ಅಕಾಡೆಮಿ: ದಾವಣಗೆರೆ, ಚಿತ್ರದುರ್ಗಕ್ಕೆ ಹೊಂದುವಂತೆ ಕಟ್ಟುವ ಬಗೆ

ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ದಸರೆಗೆ ಮೊದಲೇ ತಾವಾಗಿ ಮುಗಿಸಿ, ಮುಂದೇನು ಎಂದು ಕೇಳುವ ಮಕ್ಕಳು ಜಗಳೂರಿನಲ್ಲೂ ಸಿಗುತ್ತಾರೆ, ಮೊಳಕಾಲ್ಮೂರಿನಲ್ಲೂ ಸಿಗುತ್ತಾರೆ. ಎಸ್ಸೆಸ್ಸೆಲ್ಸಿ ಆದಮೇಲೆ ಅವರಿಗೆ ಊರ ಹತ್ತಿರದ ಪಿಯು ಕಾಲೇಜು, ಇಲ್ಲವೇ ದೂರದ ದುಬಾರಿ ಕೋಚಿಂಗ್ ಹಾಸ್ಟೆಲ್. ವಿಶ್ವವಿದ್ಯಾನಿಲಯದ ಆವರಣದಲ್ಲೇ ಉಳಿದು, ಅಲ್ಲಿನ ಲ್ಯಾಬು, ಗ್ರಂಥಾಲಯ, ಅಧ್ಯಾಪಕರನ್ನು ಬಳಸಿಕೊಂಡು ಓದುವ ಮೂರನೇ ದಾರಿಯೊಂದಿದೆ. ಗಣಿತಜ್ಞ ಕೊಲ್ಮೊಗೊರೊವ್ ಮುಂದೆ ನಿಂತು ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ 1963ರಲ್ಲಿ ಇಂಥ ವಸತಿ ಶಾಲೆ ತೆರೆಸಿದರು. ಅಮೆರಿಕದ ಟೆಕ್ಸಾಸ್ ರಾಜ್ಯ 1987ರಲ್ಲಿ ಕಾನೂನು ಮಾಡಿ, ಮರುವರ್ಷ ಡೆಂಟನ್ ಊರಿನ ವಿಶ್ವವಿದ್ಯಾನಿಲಯದಲ್ಲಿ ಗಣಿತ–ವಿಜ್ಞಾನ ಅಕಾಡೆಮಿ ಆರಂಭಿಸಿತು. ಕೆಂಟಕಿಯ ಗ್ಯಾಟನ್ ಅಕಾಡೆಮಿ ಶುರುವಾದದ್ದು 2007ರಲ್ಲಿ.

ನಮ್ಮ ಎರಡು ಜಿಲ್ಲೆಗಳಿಗೆ ಸಹಜವಾದ ಜಾಗ ದಾವಣಗೆರೆ ವಿಶ್ವವಿದ್ಯಾನಿಲಯದ್ದು: ತೋಳಹುಣಸೆಯ ಶಿವಗಂಗೋತ್ರಿ, ಇಲ್ಲವೇ ಚಿತ್ರದುರ್ಗದ ಬಳಿ ಗುಡ್ಡದ ರಂಗವ್ವನಹಳ್ಳಿಯ ಜ್ಞಾನಗಂಗೋತ್ರಿ. ಎಲ್ಲಿ ಕಟ್ಟಿದರೂ ಒಂದು ಷರತ್ತನ್ನು ಸಡಿಲಿಸಬಾರದು. ವಿಶ್ವವಿದ್ಯಾನಿಲಯದ ಲ್ಯಾಬು ಮತ್ತು ಅಧ್ಯಾಪಕರು ಪ್ರತಿ ವಾರ ಮಕ್ಕಳಿಗೆ ಸಿಗಬೇಕು. ಸಿಗದಿದ್ದರೆ ಅದು ಇನ್ನೊಂದು ಪಿಯು ಹಾಸ್ಟೆಲ್ ಅಷ್ಟೇ, ಅದಕ್ಕೆ ಇಷ್ಟು ಶ್ರಮ ಬೇಕಾಗಿಲ್ಲ. ಮುಂದೆ ಹೇಳುವುದೆಲ್ಲ ಈ ಷರತ್ತನ್ನು ಉಳಿಸಿಕೊಳ್ಳುವ ಏರ್ಪಾಡು.

ಯಾರ ಹೆಸರಿನಲ್ಲಿ ದಾಖಲಾತಿ?

ಟೆಕ್ಸಾಸ್ ಮಾದರಿಯಲ್ಲಿ ಮಕ್ಕಳು ಹೈಸ್ಕೂಲಿನ ಕೊನೆಯ ಎರಡು ವರ್ಷ ಮತ್ತು ಪದವಿಯ ಮೊದಲೆರಡು ವರ್ಷವನ್ನು ಒಟ್ಟಿಗೆ ಮುಗಿಸುತ್ತಾರೆ. ಇಲ್ಲಿ ಅದನ್ನು ಹಾಗೇ ಎತ್ತಿ ತರಲಾಗದು. ಪಿಯುಸಿ ಪಾಸಾಗದೆ ಪದವಿಗೆ ಪ್ರವೇಶವಿಲ್ಲ. ಹಾಗಾಗಿ ಮಗುವಿನ ದಾಖಲಾತಿ ಪಿಯು ಕಾಲೇಜಿನಲ್ಲಿರಬೇಕು, ವಿಶ್ವವಿದ್ಯಾನಿಲಯದ ಪಾಠ ಅದರ ಮೇಲೆ ಹೆಚ್ಚುವರಿಯಾಗಿ ಬರಬೇಕು.

ಇದಕ್ಕೆ ಎರಡು ಬಗೆಯಿದೆ. ಒಂದು, ಆವರಣದಲ್ಲೇ ಹೊಸ ಪಿಯು ಕಾಲೇಜಿಗೆ ಅನುಮತಿ ಪಡೆಯುವುದು. ಇನ್ನೊಂದು, ಹತ್ತಿರದ ಸರ್ಕಾರಿ ಪಿಯು ಕಾಲೇಜಿನೊಂದಿಗೆ ಒಪ್ಪಂದ ಮಾಡಿಕೊಂಡು, ದಾಖಲಾತಿ ಮತ್ತು ಪರೀಕ್ಷೆ ಅಲ್ಲಿ, ವಾಸ ಮತ್ತು ಹೆಚ್ಚಿನ ಪಾಠ ಇಲ್ಲಿ ಎಂದು ಹಂಚಿಕೊಳ್ಳುವುದು. ಮೊದಲ ಮೂರು ವರ್ಷಕ್ಕೆ ಎರಡನೆಯದೇ ಲೇಸು. ಅನುಮತಿಗಾಗಿ ಕಾದು ಒಂದು ತಂಡದ ಮಕ್ಕಳನ್ನು ಕಳೆದುಕೊಳ್ಳಬೇಕಾಗಿಲ್ಲ. ಆದರೆ ಒಪ್ಪಂದದಲ್ಲಿ ಹಾಜರಾತಿಯ ವಿಷಯ ಸ್ಪಷ್ಟವಾಗಿರಲಿ. ಪಿಯು ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ವಿಶ್ವವಿದ್ಯಾನಿಲಯದ ಲ್ಯಾಬಿನಲ್ಲಿದ್ದ ಮಗುವನ್ನು ಕಾಲೇಜಿನ ಪುಸ್ತಕದಲ್ಲಿ ಗೈರು ಎಂದು ಬರೆದರೆ ಫೆಬ್ರುವರಿಯಲ್ಲಿ ಪ್ರವೇಶಪತ್ರಕ್ಕೇ ಕುತ್ತು ಬರುತ್ತದೆ. ಲ್ಯಾಬಿನ ಅವಧಿಗಳನ್ನು ಕಾಲೇಜಿನ ವೇಳಾಪಟ್ಟಿಯಿಂದ ಹೊರಗಿಡಿ, ಇಲ್ಲವೇ ಪ್ರಾಂಶುಪಾಲರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಂದದ ಪ್ರತಿ ಪಿಯು ಉಪನಿರ್ದೇಶಕರ ಕಚೇರಿಯಲ್ಲೂ ಇರಲಿ.

ವಿಶ್ವವಿದ್ಯಾನಿಲಯದ ಕಡೆಯಿಂದ ವಿದ್ಯಾವಿಷಯಕ ಪರಿಷತ್ತು ಮತ್ತು ಸಿಂಡಿಕೇಟ್ ಎರಡರ ನಿರ್ಣಯವೂ ಬೇಕು. ಒಬ್ಬ ಕುಲಪತಿಯ ಉತ್ಸಾಹದ ಮೇಲೆ ನಿಂತ ಯೋಜನೆ ಅವರ ಅವಧಿ ಮುಗಿದೊಡನೆ ಕುಸಿಯುತ್ತದೆ. ನಿರ್ಣಯದಲ್ಲಿ ಕಟ್ಟಡ, ಲ್ಯಾಬಿನ ವಾರದ ಗಂಟೆ, ನಿರ್ದೇಶಕರ ಹುದ್ದೆ ಈ ಮೂರೂ ಬರೆದಿರಲಿ.

ಎಷ್ಟು ಮಕ್ಕಳು?

ಮೊದಲ ವರ್ಷ 40, ಎರಡನೇ ವರ್ಷಕ್ಕೆ ಒಟ್ಟು 80. ಲ್ಯಾಬಿನಲ್ಲಿ ಒಂದು ತಂಡಕ್ಕೆ 20ಕ್ಕಿಂತ ಹೆಚ್ಚು ಮಕ್ಕಳಾದರೆ ಅರ್ಧ ಜನ ನೋಡುತ್ತ ನಿಲ್ಲುತ್ತಾರೆ. 40 ಎಂದರೆ ಎರಡು ತಂಡ. ಅರ್ಧ ಹುಡುಗಿಯರಿರಲಿ. ದಾವಣಗೆರೆ, ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು ಹೀಗೆ 12 ತಾಲ್ಲೂಕುಗಳಿಗೆ ತಲಾ ಎರಡು ಸ್ಥಾನ ಮೀಸಲಿಟ್ಟರೆ 24, ಉಳಿದ 16 ಮುಕ್ತ. ರಾಜ್ಯದ ಮೀಸಲಾತಿ ರೋಸ್ಟರ್ ಇದರ ಜತೆ ಹೊಂದಬೇಕು. ತಾಲ್ಲೂಕಿನ ಹಂಚಿಕೆ ಇಲ್ಲದಿದ್ದರೆ ಎರಡು ಜಿಲ್ಲಾ ಕೇಂದ್ರಗಳ ಮಕ್ಕಳೇ ತುಂಬಿಕೊಳ್ಳುತ್ತಾರೆ.

ಆಯ್ಕೆ: ಅಂಕಪಟ್ಟಿ ಸಾಲದು

ಎಸ್ಸೆಸ್ಸೆಲ್ಸಿಯಲ್ಲಿ 600 ದಾಟಿದ ಮಕ್ಕಳಲ್ಲಿ ಯಾರು ಶ್ರದ್ಧೆಯಿಂದ ಓದಿದವರು, ಯಾರು ಆ ಮಟ್ಟವನ್ನೇ ಮೀರಿದವರು ಎಂಬುದು ಅಂಕದಿಂದ ತಿಳಿಯದು. ಪರೀಕ್ಷೆಯ ಮಿತಿಯೇ ಅಲ್ಲಿಗೆ ಮುಗಿದಿರುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ 12–13 ವರ್ಷದ ಮಕ್ಕಳಿಗೆ ಕಾಲೇಜು ಪ್ರವೇಶದ ಪರೀಕ್ಷೆಯನ್ನೇ ಕೊಟ್ಟದ್ದು ಇದೇ ಕಾರಣಕ್ಕೆ. ನೀವೂ ವಯಸ್ಸಿಗಿಂತ ಮೇಲಿನ ಪ್ರಶ್ನೆ ಕೊಡಿ, ಆದರೆ ಹತ್ತನೆಯ ಪಠ್ಯದಾಚೆಯ ಸೂತ್ರ ಗೊತ್ತಿರಬೇಕೆಂದು ಅಪೇಕ್ಷಿಸಬೇಡಿ. ಹಾಗೆ ಮಾಡಿದರೆ ಟ್ಯೂಷನ್‌ಗೆ ಹೋದವರು ಮಾತ್ರ ಗೆಲ್ಲುತ್ತಾರೆ.

ಒಂದು ಉದಾಹರಣೆ. "1ರಿಂದ 100ರವರೆಗೆ ಬೆಸ ಸಂಖ್ಯೆಯಷ್ಟು ಭಾಜಕಗಳಿರುವ ಸಂಖ್ಯೆಗಳು ಎಷ್ಟು? ಏಕೆ?" ಉತ್ತರ 10. ಒಂದು ಮಗು ಒಂದೊಂದೇ ಎಣಿಸಿ 10 ಎನ್ನುತ್ತದೆ. ಇನ್ನೊಂದು 20ರವರೆಗೆ ಎಣಿಸಿ, ಸಿಕ್ಕಿದ್ದೆಲ್ಲ ವರ್ಗಸಂಖ್ಯೆ ಎಂದು ಗುರುತಿಸುತ್ತದೆ. ಮತ್ತೊಂದು, ಭಾಜಕಗಳು ಜೋಡಿಜೋಡಿಯಾಗಿ ಬರುತ್ತವೆ, ವರ್ಗಸಂಖ್ಯೆಯಲ್ಲಿ ಮಾತ್ರ ಒಂದು ಭಾಜಕ ತನಗೆ ತಾನೇ ಜೋಡಿ ಎಂದು ಬರೆಯುತ್ತದೆ. ಈ ಮೂವರಿಗೂ ಒಂದೇ ಅಂಕ ಬೀಳುವ ಬಹುಆಯ್ಕೆ ಪತ್ರಿಕೆ ಇಲ್ಲಿ ಕೆಲಸಕ್ಕೆ ಬಾರದು. ಎರಡೂವರೆ ಗಂಟೆ, 20 ಪ್ರಶ್ನೆ, ಅದರಲ್ಲಿ ಎಂಟಕ್ಕೆ ವಿವರಣೆ ಬರೆಯಬೇಕು. ಪ್ರಶ್ನೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಕ್ಕಪಕ್ಕ ಇರಲಿ. ಉರ್ದು ಮಾಧ್ಯಮದ ಶಾಲೆಗಳಿರುವ ಕಡೆ ಅದರಲ್ಲೂ ಇರಲಿ. ವಿವರಣೆಯ ಉತ್ತರಗಳನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಬೇಕು. 10ಕ್ಕೆ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯವರು ನೋಡಬೇಕು. ಯಾರೂ ಪೂರ್ತಿ ಅಂಕ ತೆಗೆಯದಿದ್ದರೆ ಪತ್ರಿಕೆ ಸರಿಯಾಗಿದೆ ಎಂದರ್ಥ. ಹತ್ತಾರು ಮಕ್ಕಳು ಪೂರ್ತಿ ತೆಗೆದರೆ ಅದು ಸುಲಭವಾಯಿತು.

ಅರ್ಜಿ ಬರಲೆಂದು ಕಾಯುತ್ತ ಕೂರಬೇಡಿ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ 90 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, 90 ಪಠ್ಯದ್ದು. ಎರಡು ವರ್ಷದ ಹಿಂದೆ ಗೆದ್ದವರ ಪಟ್ಟಿಯನ್ನು ಬಿಇಒ ಕಚೇರಿಯಿಂದ ಪಡೆದು, ಈಗ ಹತ್ತರಲ್ಲಿರುವ ಆ ಮಕ್ಕಳ ಶಾಲೆಗೇ ಪತ್ರ ಬರೆಯಿರಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ತಪ್ಪದೆ ಹೋಗಬೇಕು.

ಬರಹದ ಪರೀಕ್ಷೆ ಡಿಸೆಂಬರಿನಲ್ಲಿ, ತಾಲ್ಲೂಕು ಕೇಂದ್ರಗಳಲ್ಲಿ. ಅದರಲ್ಲಿ ಮೇಲೆ ಬಂದ 100 ಮಕ್ಕಳಿಗೆ ಜನವರಿಯಲ್ಲಿ ಮೂರು ದಿನದ ಶಿಬಿರ. ಮೊದಲ ದಿನ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಕಲಿಸಿ (ಶೇಷಗಳ ಅಂಕಗಣಿತ ಚೆನ್ನಾಗಿ ಹೊಂದುತ್ತದೆ), ಮೂರನೇ ದಿನ ಅದರ ಮೇಲೆ ಪ್ರಶ್ನೆ ಕೊಡಿ. ನಡುವೆ ಒಂದು ದಾರ, ಕಲ್ಲು, ಗಡಿಯಾರ ಕೊಟ್ಟು ಲೋಲಕದ ಅವಧಿ ಅಳೆಯಲು ಹೇಳಿ. ಒಂದು ತೂಗಾಟವನ್ನಷ್ಟೇ ಅಳೆದು ಬರೆಯುವವರು ಹೆಚ್ಚು. 20 ತೂಗಾಟ ಅಳೆದು ಭಾಗಿಸಿದರೆ ಕೈಯ ತಡದಿಂದ ಆಗುವ ತಪ್ಪು ಕಡಿಮೆಯಾಗುತ್ತದೆ ಎಂದು ಯಾರೂ ಹೇಳದೆ ಕಂಡುಕೊಳ್ಳುವ ಮಗುವನ್ನು ಬಿಡಬೇಡಿ, ಅದರ ಇಂಗ್ಲಿಷ್ ಹೇಗೇ ಇರಲಿ.

ಫೆಬ್ರುವರಿ ಒಳಗೆ ತಾತ್ಕಾಲಿಕ ಆಯ್ಕೆಯ ಪತ್ರ ಮನೆಗೆ ತಲುಪಬೇಕು. ಖಾಸಗಿ ಕಾಲೇಜುಗಳು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮೊದಲೇ ಮುಂಗಡ ಕಟ್ಟಿಸಿಕೊಳ್ಳುತ್ತವೆ. ಒಮ್ಮೆ ಹಣ ಕಟ್ಟಿದ ತಂದೆತಾಯಿ ಮೇ ತಿಂಗಳಲ್ಲಿ ನಿಮ್ಮ ಕಡೆ ತಿರುಗುವುದು ಕಷ್ಟ.

ಕನ್ನಡ ಮಾಧ್ಯಮದ ಮಕ್ಕಳು

ತಂಡದ ಬಹುಪಾಲು ಇವರೇ ಆಗಿರುತ್ತಾರೆ, ಮತ್ತು ಅಕಾಡೆಮಿ ಹೆಚ್ಚಾಗಿ ಸೋಲುವುದೂ ಇವರ ವಿಷಯದಲ್ಲೇ. ಶಾಲೆಯಲ್ಲಿ ಮೊದಲು ಕೈ ಎತ್ತುತ್ತಿದ್ದ ಹುಡುಗಿ ಇಲ್ಲಿ ಜೂನ್, ಜುಲೈ ಪೂರ್ತಿ ಸುಮ್ಮನೆ ಕೂತರೆ ಆಯ್ಕೆಯೇ ತಪ್ಪಾಯಿತು ಎಂದು ಉಪನ್ಯಾಸಕರು ಭಾವಿಸುತ್ತಾರೆ. ತಪ್ಪಿರುವುದು ಪಾಠದ ಭಾಷೆಯಲ್ಲಿ. ಮೇ ಕೊನೆಯಲ್ಲಿ ಎರಡು ವಾರ ಸೇತುಬಂಧ ನಡೆಸಿ, ಆಮೇಲೆ ದಸರಾ ರಜೆಯವರೆಗೆ ದಿನಕ್ಕೊಂದು ಗಂಟೆ ಮುಂದುವರಿಸಿ. ಮುಂದಿನ ವಾರದ ಪಾಠದಲ್ಲಿ ಬರುವ 25–30 ಪದಗಳನ್ನು ಹಿಂದಿನ ಶನಿವಾರವೇ ಎರಡೂ ಭಾಷೆಯಲ್ಲಿ ಕೊಟ್ಟುಬಿಡಿ. ಮೊದಲ ಆರು ತಿಂಗಳು ಅಕಾಡೆಮಿಯ ಒಳಗಿನ ಪರೀಕ್ಷೆಗಳಿಗೆ ಯಾವ ಭಾಷೆಯಲ್ಲಾದರೂ, ಬೆರಕೆ ಭಾಷೆಯಲ್ಲಾದರೂ ಉತ್ತರ ಬರೆಯಲು ಬಿಡಬೇಕು. ವ್ಯಾಕರಣಕ್ಕೆ ಅಂಕ ಕಳೆಯಬಾರದು. ತರಗತಿಯಲ್ಲಿ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದು ಸಹಜ ಎನ್ನುವ ವಾತಾವರಣವನ್ನು ಉಪನ್ಯಾಸಕರೇ ಮೊದಲ ದಿನದಿಂದ ಕಟ್ಟಬೇಕು.

ವಾರದ ಲೆಕ್ಕ, ಅಧ್ಯಾಪಕರ ಲೆಕ್ಕ

ವಾರಕ್ಕೆ ಪಿಯು ಪಾಠ 26 ಗಂಟೆ, ವಿಶ್ವವಿದ್ಯಾನಿಲಯದ ಪಾಠ ಮತ್ತು ಲ್ಯಾಬು 6 ಗಂಟೆ, ಸ್ವಂತ ಅಧ್ಯಯನದ ಯೋಜನೆ 4 ಗಂಟೆ, ಆಟ 5 ಗಂಟೆ. ರಾತ್ರಿ 10ಕ್ಕೆ ದೀಪ ಆರಬೇಕು. ಸ್ನಾತಕೋತ್ತರ ಲ್ಯಾಬುಗಳು ವಾರದ ನಡುವೆ ಬಿಡುವಿರುವುದಿಲ್ಲವಾದ್ದರಿಂದ ಶನಿವಾರವನ್ನು ಪೂರ್ತಿ ಅಕಾಡೆಮಿಗೆ ಬಿಡಿಸಿಕೊಳ್ಳುವುದು ಸುಲಭ. ಮೊದಲ ವರ್ಷ ಕಲನಶಾಸ್ತ್ರ, ಪೈಥಾನ್ ಪ್ರೋಗ್ರಾಮಿಂಗ್, ಅಳತೆ ಮತ್ತು ದೋಷದ ಲೆಕ್ಕ ಸಾಕು. ಎರಡನೇ ವರ್ಷ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಅಥವಾ ಭೌತಶಾಸ್ತ್ರದ ಪ್ರಯೋಗಗಳು. ಸೂಕ್ಷ್ಮಜೀವಿಗಳ ಕೆಲಸ ಯೀಸ್ಟ್, ಮೊಸರಿನ ಬ್ಯಾಕ್ಟೀರಿಯಾದಂಥ ನಿರಪಾಯದವುಗಳಿಗೇ ಸೀಮಿತವಾಗಿರಲಿ. ದಾವಣಗೆರೆಯಲ್ಲೇ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ್ದು. ಅದರ ವರ್ಕ್‌ಶಾಪನ್ನೂ ಕೇಳಿಕೊಳ್ಳಬಹುದು.

ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಪ್ರಾಧ್ಯಾಪಕರಿಗೆ 14 ಗಂಟೆ ಬೋಧನೆ. ಅಕಾಡೆಮಿಯ ಗಂಟೆಗಳು ಈ ಲೆಕ್ಕಕ್ಕೆ ಸೇರಲೇಬೇಕು. ಸೇರದಿದ್ದರೆ ಮೊದಲ ಸೆಮಿಸ್ಟರ್ ಪ್ರೀತಿಯಿಂದ ಬಂದವರು ಎರಡನೆಯದರಲ್ಲಿ ಸಂಶೋಧನಾ ವಿದ್ಯಾರ್ಥಿಯನ್ನು ಕಳಿಸುತ್ತಾರೆ, ಮೂರನೆಯದರಲ್ಲಿ ಯಾರೂ ಬರುವುದಿಲ್ಲ. ಪಿಯು ಉಪನ್ಯಾಸಕರ ತರಬೇತಿಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಐಐಎಸ್‌ಸಿ ಆವರಣದ ಪ್ರತಿಭಾ ಅಭಿವೃದ್ಧಿ ಕೇಂದ್ರ ಹತ್ತಿರವೇ ಇದೆ.

ಯೋಜನೆಯ ವಿಷಯ ಇಲ್ಲಿನದೇ ಆಗಿರಲಿ: ಕೊಳವೆಬಾವಿಗಳ ಫ್ಲೋರೈಡ್ ನಕ್ಷೆ, ವಾಣಿವಿಲಾಸ ಸಾಗರದ ನೀರಿನ ಮಟ್ಟ ಮತ್ತು ಮಳೆ, ಮೆಕ್ಕೆಜೋಳ ಅಥವಾ ಈರುಳ್ಳಿಯ ದರದ ಏರಿಳಿತ, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಉತ್ಪಾದನೆ.

ಸಿಇಟಿ, ನೀಟ್, ಜೆಇಇ ಬಗ್ಗೆ ಪೋಷಕರು ಕೇಳಿಯೇ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ದ್ವಿತೀಯ ಪಿಯುಸಿಯಲ್ಲಿ ವಾರಕ್ಕೆ 4 ಗಂಟೆ ಪ್ರಶ್ನೆ ಬಿಡಿಸುವ ತರಗತಿ ಇರುತ್ತದೆ, ಅದಕ್ಕಿಂತ ಹೆಚ್ಚಿಲ್ಲ ಎಂದು ಪ್ರವೇಶದ ದಿನವೇ ಬರೆದುಕೊಡಿ. ಒಮ್ಮೆ ಶನಿವಾರದ ಲ್ಯಾಬನ್ನು ಮಾದರಿ ಪರೀಕ್ಷೆಗೆ ಬಿಟ್ಟುಕೊಟ್ಟರೆ ಮತ್ತೆ ಅದು ವಾಪಸ್ ಬರುವುದಿಲ್ಲ.

ಹಾಸ್ಟೆಲ್

ಇವರು 15–17ರ ಮಕ್ಕಳು. ಸ್ನಾತಕೋತ್ತರ ಹಾಸ್ಟೆಲಿನ ಒಂದು ಮಹಡಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಪ್ರತ್ಯೇಕ ಕಟ್ಟಡ, ಪ್ರತ್ಯೇಕ ಬಾಗಿಲು ಬೇಕು. 20 ಮಕ್ಕಳಿಗೆ ಒಬ್ಬರಂತೆ ಅಲ್ಲೇ ವಾಸಿಸುವ ವಾರ್ಡನ್, ಹುಡುಗಿಯರ ಕಡೆ ಮಹಿಳೆಯರೇ. ಕೋಣೆಗೆ ಮೂವರು, ಬೇರೆಬೇರೆ ತಾಲ್ಲೂಕಿನವರು. ಎಲ್ಲ ಸಿಬ್ಬಂದಿಗೂ ಪೊಲೀಸ್ ಪರಿಶೀಲನೆ ಆಗಿರಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಅಂಥ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಒಳಗೇ ವಿಚಾರಿಸಿ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ಅಡುಗೆಯವರಿಗೂ, ಕಾವಲುಗಾರರಿಗೂ ಬಾಯಲ್ಲಿ ವಿವರಿಸಿ ಹೇಳಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಎರಡೂ ಪ್ರತಿ ಮಹಡಿಯ ಗೋಡೆಯ ಮೇಲಿರಲಿ, ಪಕ್ಕದಲ್ಲಿ ಮಕ್ಕಳಿಗೆ ಯಾವಾಗಲೂ ಸಿಗುವ ಫೋನ್ ಇರಲಿ.

ಪೂರ್ಣಾವಧಿ ಆಪ್ತಸಮಾಲೋಚಕರೊಬ್ಬರು ಮೊದಲ ದಿನದಿಂದಲೇ ಇರಬೇಕು. ತನ್ನ ಶಾಲೆಯಲ್ಲಿ ಸದಾ ಮೊದಲಿದ್ದ ಮಗು ಇಲ್ಲಿ 31ನೆಯದಾದಾಗ ಅದಕ್ಕೆ ಬೀಳುವ ಪೆಟ್ಟು ಸಣ್ಣದಲ್ಲ. ಆದ್ದರಿಂದ ಒಳಗಿನ ಪರೀಕ್ಷೆಗಳ ರ್‍ಯಾಂಕ್ ಪಟ್ಟಿ ಗೋಡೆಗೆ ಹಾಕುವುದು ಬೇಡ.

ನೀರಿನ ಲೆಕ್ಕ: 80 ಮಕ್ಕಳು, 10 ಸಿಬ್ಬಂದಿ, ತಲಾ 135 ಲೀಟರ್ ಎಂದರೆ ದಿನಕ್ಕೆ 12,150 ಲೀಟರ್. ಎರಡು ದಿನಕ್ಕಾಗುವಂತೆ 25,000 ಲೀಟರ್ ಸಂಗ್ರಹ ಬೇಕು. ಚಿತ್ರದುರ್ಗದ ಕಡೆಯಾದರೆ ಕೊಳವೆಬಾವಿಯ ನೀರನ್ನು ಮಳೆಗಾಲಕ್ಕೆ ಮೊದಲು, ಆಮೇಲೆ ಎರಡು ಬಾರಿ ಪರೀಕ್ಷಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, 1.5 ದಾಟಿದರೆ ಕುಡಿಯಲು, ಅಡುಗೆಗೆ ಕೂಡದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರ್‌ಒದಂಥ ಶುದ್ಧೀಕರಣ ಘಟಕ ಬೇಕು.

ಊಟ ಮನೆಯದರಂತಿರಲಿ: ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ದಿನವೂ ಬೇಳೆ, ವಾರಕ್ಕೆ ಮೂರು ದಿನ ಮೊಟ್ಟೆ ಅಥವಾ ಬಾಳೆಹಣ್ಣು. 90 ಜನಕ್ಕೆ ಒಂದು ಹೊತ್ತಿನ ಮುದ್ದೆಗೆ 9 ಕಿಲೋ ರಾಗಿಹಿಟ್ಟು. ಸಂಜೆ 5ಕ್ಕೆ ಒಗ್ಗರಣೆ ಮಂಡಕ್ಕಿಯಂಥ ಏನಾದರೂ ಕೊಡಲೇಬೇಕು. ಮಧ್ಯಾಹ್ನ 1ರಿಂದ ರಾತ್ರಿ 8ರವರೆಗೆ ಹಸಿದಿದ್ದ ಮಗು ಓದುವುದಿಲ್ಲ.

ಹಣ

ಊಟಕ್ಕೆ ದಿನಕ್ಕೆ 130 ರೂಪಾಯಿ ಹಿಡಿದರೆ 80 ಮಕ್ಕಳಿಗೆ 300 ದಿನಕ್ಕೆ 31.2 ಲಕ್ಷ. ವಾರ್ಡನ್, ಸಮಾಲೋಚಕ, ಅಡುಗೆಯವರ ಸಂಬಳ ಇದರ ಮೇಲೆ. ಕಟ್ಟಡಕ್ಕೆ ಹಣ ಕೊಡುವವರು ಸಿಗುತ್ತಾರೆ, ಸಂಬಳಕ್ಕೆ ಸಿಗುವುದು ಅಪರೂಪ. ಚಿತ್ರದುರ್ಗ ಗಣಿ ಜಿಲ್ಲೆಯಾದ್ದರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣಕ್ಕೆ ಆದ್ಯತೆಯಿದೆ. ಅದರ ಪ್ರಸ್ತಾವ ಜಿಲ್ಲಾಧಿಕಾರಿಯವರ ಮೂಲಕ ಹೋಗಬೇಕು. ಅನುದಾನ ಕಂತಿನಲ್ಲಿ, ತಡವಾಗಿ ಬರುತ್ತದೆ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಬಾಗಿಲು ತೆರೆಯಬೇಡಿ. ನಡುವೆ ಮೆಸ್ ನಿಂತರೆ ಪೋಷಕರು ಮಕ್ಕಳನ್ನು ಕರೆದೊಯ್ಯುತ್ತಾರೆ.

ಹೊಂದದ ಮಗುವಿಗೆ ದಾರಿ

ಪ್ರತಿ ವರ್ಷ ಕೆಲವರಿಗೆ ಈ ಜಾಗ ಹಿಡಿಸುವುದಿಲ್ಲ. ಪಿಯು ಪ್ರವೇಶದ ಕೊನೆಯ ದಿನ ಕಳೆದುಹೋದರೆ ಬೇರೆ ಕಾಲೇಜಿಗೆ ಸೇರಿಸುವುದು ಕಷ್ಟ. ಆದ್ದರಿಂದ ನಾಲ್ಕನೇ ವಾರದ ಕೊನೆಗೆ ಪ್ರತಿ ಮಗುವಿನೊಂದಿಗೂ, ಅದರ ಪೋಷಕರೊಂದಿಗೂ ಅರ್ಧ ಗಂಟೆ ಮಾತಾಡಿ. ಹೊರಡುವುದಾದರೆ ಟಿಸಿ ಎರಡು ದಿನದೊಳಗೆ ಕೊಡಿ, ಕಟ್ಟಿದ ಶುಲ್ಕ ವಾಪಸ್ ಮಾಡಿ, ಊರಿನ ಕಾಲೇಜಿನ ಪ್ರಾಂಶುಪಾಲರಿಗೆ ನೀವೇ ಫೋನ್ ಮಾಡಿ. ಆ ಸ್ಥಾನಕ್ಕೆ ಅದೇ ತಾಲ್ಲೂಕಿನ ಕಾಯ್ದಿರಿಸಿದ ಪಟ್ಟಿಯಿಂದ ಮುಂದಿನ ಮಗುವನ್ನು ಅದೇ ವಾರ ಕರೆಯಬೇಕು.