ಬೋರ್ ಮುಟ್ಟದೆ 411ರ ಎಳೆತ ಹೆಚ್ಚಿಸಿದ್ದು: ನನ್ನ ಅನುಭವ

ಬೈಕಿನ ಎರಡೂ ಪ್ಯಾನಿಯರ್ (ಪಕ್ಕದ ಸಾಮಾನು ಪೆಟ್ಟಿಗೆ) ತುಂಬಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಏರು ಹಾದಿಯಲ್ಲಿ ನಾಲ್ಕನೇ ಗೇರಲ್ಲೇ 70ರಲ್ಲಿ ಹತ್ತಬೇಕು. ನನಗೆ ಬೇಕಿದ್ದದ್ದು ಇಷ್ಟೇ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಇಟ್ಟುಕೊಂಡವರಿಗೆ ಗೊತ್ತಲ್ಲ, ಬೋರ್ (ಸಿಲಿಂಡರಿನ ಅಗಲ) 78 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 86, ಕಂಪ್ರೆಷನ್ (ಒಳಗಿನ ಗಾಳಿ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 9.5, ಕಾಗದದ ಮೇಲೆ 24 ಚಿಲ್ಲರೆ ಎಚ್‌ಪಿ. ಖಾಲಿ ಗಾಡಿಗೆ ಧಾರಾಳ. ಸಾಮಾನು ಹೇರಿದರೆ ಮಾತ್ರ ಮೂರಕ್ಕೆ ಇಳಿಸಿ ಅರಚಿಸಬೇಕು.

"ಎಮ್ಮೆಗೆ ಲಾಳ ಹೊಡೆದ್ರೆ ಕುದುರೆ ಆಗಲ್ಲ ಸಾರ್" ಅಂದಿದ್ದ ನಮ್ಮ ಮೆಕ್ಯಾನಿಕ್. ಗೆಳೆಯರದ್ದು ಇನ್ನೂ ನೇರ: "ಮಾರಿ ದೊಡ್ಡದು ತಗೊಳ್ಳೋ ಮಾರಾಯ." ಎರಡು ವರ್ಷದಲ್ಲಿ ನಾಲ್ಕು ಸಲ ಎಂಜಿನ್ ಬಿಚ್ಚಿದೆ. ಈಗ ಅವರೇ ಕೀ ಇಸಕೊಂಡು ಒಂದು ಸುತ್ತು ಹೋಗಿ ಬರುತ್ತಾರೆ.

ಶುರು ಮಾಡಿದ್ದು ಎಲ್ಲರ ಹಾಗೆ ತಪ್ಪು ಕಡೆಯಿಂದ. ಫ್ರೀ ಫ್ಲೋ ಸೈಲೆನ್ಸರ್, ತೊಳೆದು ಬಳಸೋ ಏರ್ ಫಿಲ್ಟರ್. ಸದ್ದು ಜೋರಾಯಿತು, ಆ ಸದ್ದಿಗೇ ಗಾಡಿ ಜೋರಾಯಿತು ಅಂತ ಒಂದು ತಿಂಗಳು ಭ್ರಮೆಯಲ್ಲಿದ್ದೆ. ಥ್ರಾಟಲ್ ಬಿಟ್ಟಾಗಲೆಲ್ಲ ಪಟಪಟ, ಕೆಳಗಿನ ಆರ್‌ಪಿಎಮ್‌ನಲ್ಲಿ ಮೊದಲಿಗಿಂತ ಸೋಲು. ವೈಡ್‌ಬ್ಯಾಂಡ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸೋ ಮೀಟರ್) ಕೂರಿಸಿ ನೋಡಿದರೆ ಫುಲ್ ಥ್ರಾಟಲ್‌ನಲ್ಲಿ 14ರ ಮೇಲೆ ತೋರಿಸುತ್ತಿತ್ತು. ಎಂಜಿನ್ ಪೆಟ್ರೋಲಿಲ್ಲದೆ ಬಾಯಾರಿ ಓಡುತ್ತಿತ್ತು. ಮೀಟರನ್ನು ಮೊದಲೇ ತಗೊಂಡಿದ್ದರೆ ಸೈಲೆನ್ಸರ್ ದುಡ್ಡು ಉಳಿಯುತ್ತಿತ್ತು.

ಎರಡನೆಯದು ದುಬಾರಿ ಪಾಠ. 81 ಎಂಎಂ ಬಿಗ್ ಬೋರ್ ಕಿಟ್, ಫೋರ್ಜ್ಡ್ (ಬಡಿದು ಮಾಡಿದ) ಪಿಸ್ಟನ್. ಲೆಕ್ಕಕ್ಕೆ 443 ಸಿಸಿ. ಹೋನಿಂಗ್ (ಸಿಲಿಂಡರ್ ಒಳಮೈ ಉಜ್ಜಿ ಅಳತೆಗೆ ತರೋದು) ಮಾಡಿದವರು ಕಾಸ್ಟ್ (ಎರಕದ) ಪಿಸ್ಟನ್ನಿಗೆ ಕೊಡೋ ಹಾಗೆ ಗ್ಯಾಪ್ ಬಿಟ್ಟಿದ್ದರು, 0.04 ಎಂಎಂ ಆಸುಪಾಸು. ಫೋರ್ಜ್ಡ್ ಜಾಸ್ತಿ ಹಿಗ್ಗುತ್ತೆ, ಹೆಚ್ಚುಕಮ್ಮಿ ಅದರ ಎರಡರಷ್ಟು ಬೇಕು. ಅಳೆದು ನೋಡದೆ ಜೋಡಿಸಿದ್ದು ನನ್ನ ತಪ್ಪು. ರನ್ನಿಂಗ್ ಇನ್‌ನಲ್ಲಿ 150 ಕಿಲೋಮೀಟರ್ ದಾಟಿತ್ತೋ ಇಲ್ಲವೋ, ಹಿಂದಿನ ಚಕ್ರ ಕಿರ್ ಅಂತ ಹಿಡಿಯಿತು. ಕೈ ತಾನಾಗಿ ಕ್ಲಚ್ಚಿಗೆ ಹೋಗಿದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ. ಬಿಚ್ಚಿದಾಗ ಪಿಸ್ಟನ್ ಸ್ಕರ್ಟಿನ (ಕೆಳಬದಿಯ) ನಾಲ್ಕು ಮೂಲೆಯಲ್ಲೂ ಬೆರಳಗಲದ ಉಜ್ಜು ಗೆರೆ, ಬ್ಯಾರೆಲ್ಲಿಗೆ (ಸಿಲಿಂಡರಿಗೆ) ಅಂಟಿದ ಅಲ್ಯೂಮಿನಿಯಂ ಉಗುರಿಗೆ ಗರಗರ ಸಿಗುತ್ತಿತ್ತು. ಕಿಟ್ಟು, ಮೆಷಿನಿಂಗು, ಗಾಡಿ ಹೊತ್ತು ತಂದ ಟೆಂಪೋ ಎಲ್ಲ ಸೇರಿ, ಆ ಗಾಡಿ ಮಾರಿದರೆ ಬರೋ ದುಡ್ಡಿನ ಮೂರರಲ್ಲಿ ಒಂದು ಪಾಲು ಹೋಯಿತು. ಹಳೆ ಬ್ಯಾರೆಲ್ಲನ್ನು ಎಣ್ಣೆ ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಅದೊಂದು ಬುದ್ಧಿವಂತಿಕೆ.

ದುಡ್ಡು ಖಾಲಿಯಾದ ಮೇಲೆ ತಲೆ ಓಡಿತು. ಸಿಸಿ ಯಾಕೆ, ಹಳೆ ಬ್ಯಾರೆಲ್ ವಾಪಸ್ ಹಾಕಿ ಇರೋ 411ನ್ನೇ ಸರಿಯಾಗಿ ಹಿಂಡೋಣ. ಪ್ಲಗ್ ತೂತಿಂದ ಸೋಲ್ಡರ್ ತಂತಿ ಇಳಿಸಿ, ಎಂಜಿನ್ ಕೈಯಲ್ಲಿ ತಿರುಗಿಸಿ ಸ್ಕ್ವಿಶ್ (ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ಉಳಿಯೋ ಸಂದು) ನೋಡಿದೆ. ಚಪ್ಪಟೆಯಾದ ತಂತಿ ಎರಡು ಎಂಎಂ ಹತ್ತಿರ ಇತ್ತು. ಬ್ಯಾರೆಲ್ ಬುಡದಲ್ಲಿ 0.9 ಎಂಎಂ ಕೆತ್ತಿಸಿದೆ. ಚೇಂಬರಿಂದ ನಾಲ್ಕು ಸಿಸಿ ಚಿಲ್ಲರೆ ಕಮ್ಮಿಯಾಗಿ ಕಂಪ್ರೆಷನ್ 10.3ಕ್ಕೆ ಬಂತು. ಪಿಸ್ಟನ್ ಮೇಲೆ ಮಕ್ಕಳ ಜೇಡಿ ಮೆತ್ತಿ ವಾಲ್ವ್ ತಾಗಲ್ಲ ಅಂತ ಖಾತ್ರಿ ಮಾಡಿಕೊಂಡೆ. ಇನ್‌ಟೇಕ್ ಪೋರ್ಟ್ (ಗಾಳಿ ಒಳಬರೋ ದಾರಿ) ದೊಡ್ಡದು ಮಾಡಲಿಲ್ಲ. ವಾಲ್ವ್ ಗೈಡ್ ಸುತ್ತಲಿನ ಗಂಟು, ವಾಲ್ವ್ ಸೀಟಿನ ಅಂಚು ಮಾತ್ರ ತೀಡಿದೆ. ಕನ್ನಡಿ ಪಾಲಿಶ್ ಮಾಡಿದವರನ್ನು ಕಂಡರೆ ನನಗೆ ನಗು.

ಜೋಡಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ಸಪ್ಪೆ! 5000ದ ಮೇಲೆ ಓಡುತ್ತೆ, ಕೆಳಗೆ ಏನೂ ಇಲ್ಲ. ಮೆಕ್ಯಾನಿಕ್ ಏನೂ ಅನ್ನಲಿಲ್ಲ, ಲಾಳ ಹೊಡೆಯೋ ಹಾಗೆ ಕೈ ಮಾಡಿ ತೋರಿಸಿದ. ಒಂದು ವಾರ ನಿದ್ದೆ ಇಲ್ಲ. ಕೊನೆಗೆ ಡಿಗ್ರಿ ವೀಲ್ (ಕ್ರ್ಯಾಂಕ್ ಎಷ್ಟು ತಿರುಗಿದಾಗ ವಾಲ್ವ್ ತೆರೆದು ಮುಚ್ಚುತ್ತೆ ಅಂತ ಅಳೆಯೋ ತಟ್ಟೆ) ಹಾಕಿದಾಗ ಕಳ್ಳ ಸಿಕ್ಕ. ಹೆಡ್ ಕೆಳಗಿಳಿದಷ್ಟೂ ಕ್ಯಾಮ್ ಚೈನಿನ ಎಳೆಯೋ ಬದಿ ಗಿಡ್ಡವಾಗುತ್ತೆ, ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಹಿಂದೆ ಬೀಳುತ್ತೆ. ನನ್ನದರಲ್ಲಿ ಕ್ರ್ಯಾಂಕ್ ಲೆಕ್ಕಕ್ಕೆ ನಾಲ್ಕೈದು ಡಿಗ್ರಿ. ಇನ್‌ಟೇಕ್ ತಡವಾಗಿ ಮುಚ್ಚಿದರೆ ಕೆಳಗಿನ ಎಳೆತ ಎಲ್ಲಿಂದ ಬರಬೇಕು? ಅದನ್ನು ವಾಪಸ್ ತಂದೆ, ಆಮೇಲೆ ಇನ್ನೂ ಒಂದೆರಡು ಡಿಗ್ರಿ ಮುಂದೆ ಇಟ್ಟೆ. ಹೇಗೆ ತಂದೆ, ನಿಖರವಾಗಿ ಎಷ್ಟಿಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದು ವಾರದ ನಿದ್ದೆ ಕೊಟ್ಟಿದ್ದೇನೆ.

ಇನ್ನು ಫ್ಯೂಯಲಿಂಗ್. ಕ್ರೂಸಿಂಗ್‌ನಲ್ಲಿ ಸೆನ್ಸರ್ ತನ್ನ 14.7 ನೋಡಿಕೊಳ್ಳಲಿ ಅಂತ ಬಿಟ್ಟೆ, ಅಲ್ಲಿ ಜಗಳಕ್ಕೆ ಹೋದರೆ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಗೆಲ್ಲುತ್ತೆ. ಫುಲ್ ಥ್ರಾಟಲ್ 12.8ಕ್ಕೆ ತಂದೆ. ಕಳಪೆ ಪೆಟ್ರೋಲ್ ಸಿಕ್ಕ ದಿನ ಏರಿನಲ್ಲಿ ಕಟಕಟ ಕೇಳಿಸಿದ್ದಕ್ಕೆ 3000ದ ಸುತ್ತ ಎರಡು ಡಿಗ್ರಿ ಇಗ್ನಿಷನ್ (ಪ್ಲಗ್ ಕಿಡಿಯ) ಟೈಮಿಂಗ್ ಹಿಂದೆ ತೆಗೆದೆ. ಡೈನೋದಲ್ಲಿ (ಶಕ್ತಿ ಅಳೆಯೋ ಯಂತ್ರ) ಹಿಂದಿನ ಚಕ್ರಕ್ಕೆ 20 ಎಚ್‌ಪಿ ಇದ್ದದ್ದು 23 ದಾಟಿತು. ನೋಡಿದವರು ಇಷ್ಟೇನಾ ಅಂದರು. ಗ್ರಾಫ್ ಓದಲು ಬರೋರು 3500ರಿಂದ 5000ದ ನಡುವೆ ಗೆರೆ ಎಷ್ಟು ಮೇಲೆದ್ದಿದೆ ನೋಡಿದರು.

ನಡುವೆ ಇನ್ನೂ ಏನೇನೋ ಮಾಡಿದೆ. ಇರಿಡಿಯಂ ಪ್ಲಗ್: ಏನೂ ವ್ಯತ್ಯಾಸ ಇಲ್ಲ. ಬೆಂಡ್ ಪೈಪಿಗೆ (ಎಂಜಿನ್ನಿಂದ ಸೈಲೆನ್ಸರಿಗೆ ಹೋಗೋದು) ಹೀಟ್ ರ‍್ಯಾಪ್: ಒಂದು ಮಳೆಗಾಲಕ್ಕೆ ಪೈಪೇ ತುಕ್ಕು. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ದೊಡ್ಡದು: ಬಯಲಲ್ಲಿ ಸುಖ, ಏರಲ್ಲಿ ಗಳಿಸಿದ್ದೆಲ್ಲ ಕಳೆದ ಹಾಗೆ. ಮೂರೇ ದಿನಕ್ಕೆ ಬಿಚ್ಚಿದೆ.

ಈಗ 9000 ಕಿಲೋಮೀಟರ್ ಆಯಿತು. ಮೈಲೇಜ್ 30ರ ಹತ್ತಿರ, ಮೊದಲಿನಷ್ಟೇ. ನಾಲ್ಕನೇ ಗೇರಲ್ಲಿ 70, ಪ್ಯಾನಿಯರ್ ಸಮೇತ. ಐದನೇ ಗೇರಲ್ಲಿ ಪೂರ್ತಿ ಭಾರಕ್ಕೆ ಥ್ರಾಟಲ್ ಒತ್ತಿ ತಿರುವಿದರೆ ಮಾತ್ರ ಕ್ಲಚ್ ಜಾರುತ್ತಿದೆ. ಗಟ್ಟಿ ಸ್ಪ್ರಿಂಗ್ ತರಿಸಿದ್ದೇನೆ, ಹಾಕಬೇಕು.